ಒಂದು ನಕಾರದ ಖೂನಿ ಕೇಸು

ಸಣ್ಣಬೀರಪ್ಪ ಖೂನಿ ಮಾಡಿದ್ದಾನಂತೆ ಎಂಬ ಸುದ್ದಿ ಬಂದಾಗ ಅವನ ಹೆಂಡತಿ ಗುತ್ಯಮ್ಮ ಮೊದಲು ನಕ್ಕುಬಿಟ್ಟಳು. ನಗದೆ ಇನ್ನೇನು ಮಾಡಿಯಾಳು? ಕತ್ತಲಲ್ಲಿ ಕುರಿಯ ಕಾಲು ತುಳಿದರೆ ಕುರಿಗೆ ಕೈಮುಗಿಯುವ ಗಂಡಸು ಅವನು. ಮನೆಯಲ್ಲಿ ಕೋಳಿ ಕೊಯ್ಯುವ ದಿನ ಊರಾಚೆಯ ಕಟ್ಟೆಗೆ ಹೋಗಿ ಕೂರುತ್ತಿದ್ದ. ಸಾರಿನ ವಾಸನೆ ಬಂದಮೇಲೆ ಮಾತ್ರ ಎಲ್ಲರಿಗಿಂತ ಮುಂಚೆ ತಟ್ಟೆ ಇಟ್ಟುಕೊಂಡು ಕೂತಿರುತ್ತಿದ್ದ.

"ಯಾರನ್ನಂತೆ?" ಅಂದಳು ಗುತ್ಯಮ್ಮ, ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತ.

"ಉಳವಿ ಗೋಪಾಲಪ್ಪನ ತಮ್ಮ ರಾಮಪ್ಪನ್ನ. ಪೊಲೀಸ್ನೋರು ಹಿಡ್ಕಂಡು ಹೋದ್ರು," ಅಂದ ಸುದ್ದಿ ತಂದವನು. ಆಗ ಗುತ್ಯಮ್ಮನ ನಗು ನಿಂತಿತು.

ಇವರದು ಶಿಕಾರಿಪುರದ ಕಡೆಯ ಕುರಿಯವರ ಮನೆ. ಪ್ರತಿವರ್ಷ ಭತ್ತದ ಕೊಯ್ಲು ಮುಗಿದಮೇಲೆ ಮಂದೆ ಹೊಡೆದುಕೊಂಡು ಸೊರಬದ ಕಡೆ ಹೋಗುವುದು, ಖಾಲಿ ಗದ್ದೆಗಳಲ್ಲಿ ಬಲೆ ಕಟ್ಟಿ ಕುರಿ ಮಲಗಿಸುವುದು, ಗದ್ದೆಯವರಿಗೆ ಗೊಬ್ಬರ, ಕುರಿಯವರಿಗೆ ಭತ್ತ. ಹದಿನೈದು ವರ್ಷದಿಂದ ಗೋಪಾಲಪ್ಪನ ಗದ್ದೆಗೆ ಇವರೇ. ಆ ಸಲ ನಾದಿನಿ ಹೂವಮ್ಮನಿಗೆ ಜ್ವರ ಬಂದಿತ್ತೆಂದು ಗುತ್ಯಮ್ಮ ಊರಿನಲ್ಲೇ ಉಳಿದಿದ್ದಳು. ಸಂಕ್ರಾಂತಿಯ ಮಾರನೆಯ ಸಂಜೆ ರಾಮಪ್ಪ ಕುರಿ ಮಂದೆಯ ಹತ್ತಿರ ಕಂಡವನು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಬೆಳಗಾಗುವಷ್ಟರಲ್ಲಿ ಸಣ್ಣಬೀರಪ್ಪನೂ ಇಲ್ಲ, ಕುರಿಯೂ ಇಲ್ಲ. ಹೊಳೆಯ ದಡದಲ್ಲಿ ರಾಮಪ್ಪನ ಟವೆಲ್ಲು, ಒಂದು ಜೊತೆ ಹಳೆಯ ಚಪ್ಪಲಿ. ಎರಡು ದಿನ ಕಳೆದು ಹೊಳೆಯಾಚೆ ಸಣ್ಣಬೀರಪ್ಪ ಸಿಕ್ಕಿದಾಗ ಅವನ ಕಂಬಳಿಯ ತುಂಬ ರಕ್ತ.

ಸಾಲದ್ದಕ್ಕೆ ಪಕ್ಕದ ಗದ್ದೆಯ ಮೂಕಮ್ಮ ಹೇಳಿಕೆ ಕೊಟ್ಟಳು. ಹೆಸರಿಗೆ ಮೂಕಮ್ಮ, ಬಾಯಿ ತೆಗೆದರೆ ಊರಿಗೇ ಕೇಳಬೇಕು. "ನಾನ್ ನನ್ ಕಿವಿಯಾರೆ ಕೇಳೀನಿ. ಮೂರು ಸಂಜೆ ಇವ್ನು ಆ ಹುಡ್ಗನ ಮೇಲೆ ಕೂಗಾಡ್ತಿದ್ದ. ನಿನ್ನ ಎದೆ ಸೀಳ್ತೀನಿ, ಕರುಳು ಬಗೀತೀನಿ, ಅಂತಿದ್ದ."

ಇಷ್ಟಾದ ಮೇಲೆ ಪಟೇಲರ ಚಾವಡಿಯಲ್ಲಿ ಹತ್ತು ಜನರ ಎದುರು ಸಣ್ಣಬೀರಪ್ಪ ತಾನೇ ಒಪ್ಪಿಕೊಂಡನಂತೆ. ಶಾನುಭೋಗರು ಬರೆದುಕೊಂಡಿದ್ದಾರೆ, ಹೆಬ್ಬೆಟ್ಟು ಬಿದ್ದಿದೆ. ಇನ್ನೇನು ಬೇಕು ಒಬ್ಬನನ್ನು ನೇಣಿಗೆ ಕಳಿಸಲಿಕ್ಕೆ?

ಗುತ್ಯಮ್ಮ ಅತ್ತಳು. ಅತ್ತು ಮುಗಿಸಿ ಮುಖ ತೊಳೆದು, ಹೂವಮ್ಮನನ್ನು ಎಬ್ಬಿಸಿಕೊಂಡು ಹೋಗಿ, ಪೊಲೀಸರು ಗೋಪಾಲಪ್ಪನ ಕಣದಲ್ಲಿ ಕೂಡಿಹಾಕಿಸಿದ್ದ ಕುರಿಗಳನ್ನು ಬಿಡಿಸಿಕೊಂಡಳು. ಅಲ್ಲಿಂದ ಸೀದಾ ಜೈಲಿಗೆ ಹೋಗಿ ಗಂಡನ ಎದುರು ನಿಂತಳು.

"ರಾಮಪ್ಪ ಎಲ್ಲಿ?"

"ಯುಗಾದಿ ಆಗ್ಲಿ, ಹೇಳ್ತೀನಿ," ಅಂದ ಸಣ್ಣಬೀರಪ್ಪ.

"ಯುಗಾದೀಗೆ ಹೋಳಿಗೆ ಬಡಿಸ್ತಾರೆ ಅಂತ ಮಾಡೀರಾ? ನೇಣು ಹಾಕ್ತಾರೆ, ನೇಣು!"

"ಕಂಬಳಿ ಮುಟ್ಟಿ ಮಾತು ಕೊಟ್ಟೀನಿ. ಕೇಳಬ್ಯಾಡ."

ಕುರಿಯವನು ಕಂಬಳಿ ಮುಟ್ಟಿ ಮಾತು ಕೊಟ್ಟರೆ ಮುಗಿಯಿತು. ಆಮೇಲೆ ಅವನ ಬಾಯಿಯಿಂದ ಒಂದಕ್ಷರ ಹೊರಡುವುದಿಲ್ಲ. ಗುತ್ಯಮ್ಮ ಹಲ್ಲು ಕಡಿದಳು, ಬೈದಳು, ಕೊನೆಗೆ ಬುತ್ತಿಯ ರೊಟ್ಟಿ ಕೊಟ್ಟು ಹೊರಬಂದಳು. ದಾರಿಯಲ್ಲಿ ಒಂದೇ ಒಂದು ಗಳಿಗೆ ಅವಳಿಗೂ ಅನುಮಾನ ಬಂತು. ಸಿಟ್ಟು ಯಾರಿಗೆ ಬರುವುದಿಲ್ಲ, ಯಾವ ಕೈಗೆ ಯಾವಾಗ ಏನು ಸಿಗುತ್ತದೋ! ಹಾಗಂದುಕೊಂಡದ್ದಕ್ಕೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡು ವಕೀಲರನ್ನು ಹುಡುಕುತ್ತ ಹೋದಳು.

ಶಿಕಾರಿಪುರದ ವಕೀಲ ಚಂದ್ರಶೇಖರಪ್ಪ ನಶ್ಯ ಸೇದುವ, ಮಾತಿಗೊಮ್ಮೆ ಕನ್ನಡಕ ಒರೆಸುವ ಮನುಷ್ಯ. ಅವಳ ಕಥೆಯನ್ನೆಲ್ಲ ಕೇಳಿ, "ಕಣ್ಣಾರೆ ಕಂಡವರು ಯಾರೂ ಇಲ್ಲ. ಇದ್ದದ್ದೆಲ್ಲ ಸಾಂದರ್ಭಿಕ ಸಾಕ್ಷಿ," ಅಂದರು.

"ಹಂಗಂದ್ರೇನ್ರಿ?"

"ಅಲ್ಲೊಂದು ಚಪ್ಪಲಿ, ಇಲ್ಲೊಂದು ಕಲೆ, ಮತ್ತೊಂದು ಮಾತು. ಎಲ್ಲ ಸೇರಿಸಿ, ಇವನೇ ಕೊಂದಿರಬೇಕು, ಬೇರೆ ದಾರಿಯೇ ಇಲ್ಲ ಅಂತ ತೋರಿಸೋದು. ಎಲ್ಲೂ ಸಂದು ಬಿಟ್ಟಿರಬಾರದು."

ಗುತ್ಯಮ್ಮ ಯೋಚಿಸಿದಳು. "ನಮ್ ಕುರಿ ಬಲೆ ಇದ್ದಂಗೆ ಅನ್ರಿ. ಒಂದು ಕಣ್ಣು ಹರೀತು ಅಂದ್ರೆ ಇಡೀ ಮಂದೆ ಹೊರಗೆ."

"ನನಗಿಂತ ಚೆನ್ನಾಗಿ ಹೇಳಿದೆಯಲ್ಲಮ್ಮ!"

"ಅದೆಲ್ಲ ಇರ್ಲಿ ಸ್ವಾಮಿ. ನಮ್ಮೋರು ಮಾಡಿಲ್ಲ ಅಂತ ನಾನ್ ಹೆಂಗ್ ತೋರಿಸ್ಲಿ? ಮಾಡಿದ್ದನ್ನಾದ್ರೆ ತೋರಿಸ್ಬೋದು. ಮಾಡದೇ ಇದ್ದಿದ್ದನ್ನ ಎಲ್ಲಿಂದ ತಂದು ತೋರಿಸ್ಲಿ?"

ವಕೀಲರು ಕನ್ನಡಕ ತೆಗೆದರು. "ನೀನು ಏನೂ ತೋರಿಸಬೇಕಾಗಿಲ್ಲ ತಾಯಿ. ಮಾಡಿದ್ದಾನೆ ಅಂತ ಸರ್ಕಾರದವರು ತೋರಿಸಬೇಕು. ಆ ಹೊರೆ ಅವರದು."

"ಅವರದಾ?"

"ಪೂರ್ತಿ ಅವರದೇ."

"ಅಯ್ಯೋ ಶಿವನೇ!" ಗುತ್ಯಮ್ಮ ಎದ್ದೇ ನಿಂತಳು. "ಹಂಗಾದ್ರೆ ಇಷ್ಟು ದಿನ ನಾನ್ಯಾಕೆ ಅದನ್ನ ತಲೆ ಮೇಲೆ ಹೊತ್ಕಂಡು ತಿರುಗ್ತಿದ್ದೆ!"

ಆ ಗಳಿಗೆಯಿಂದ ಅವಳ ನಡಿಗೆಯೇ ಬೇರೆಯಾಯಿತು. ಸಂತೆಯಲ್ಲಿ ಯಾರಾದರೂ ಗುಸುಗುಸು ಅಂದರೆ ಸಾಕು, ಸೊಂಟಕ್ಕೆ ಕೈಯಿಟ್ಟು, "ಹೊರೆ ನಿಮ್ದು! ತೋರಿಸ್ರಿ ನೋಡೋಣ!" ಅನ್ನುತ್ತಿದ್ದಳು. ಬದನೆಕಾಯಿ ಎಳೆಯದು ಎಂದು ಹೇಳಿದವನಿಗೂ ಅದೇ ಮಾತು, ಅಕ್ಕಿ ಹಳೆಯದು ಎಂದವನಿಗೂ ಅದೇ ಮಾತು. ಹೂವಮ್ಮನಿಗಂತೂ ಕೇಳಿ ಕೇಳಿ ಸಾಕಾಗಿಹೋಯಿತು.

ಆದರೆ ವಕೀಲರ ನಿದ್ದೆಯನ್ನು ಒಂದು ಕಾಗದ ಕೆಡಿಸಿತ್ತು. ಹೆಣ ಸಿಕ್ಕಿಲ್ಲ, ರಕ್ತ ಕುರಿಯದೋ ಮನುಷ್ಯನದೋ ವರದಿ ಬಂದಿಲ್ಲ, ಚಪ್ಪಲಿ ಬಿಟ್ಟವರೆಲ್ಲ ಸತ್ತಿರುವುದಿಲ್ಲ. ಎಲ್ಲಕ್ಕೂ ಉತ್ತರವಿತ್ತು. ಚಾವಡಿಯ ಹೇಳಿಕೆಗೆ ಇರಲಿಲ್ಲ. ಪಟೇಲರು ಕೇಳಿದ್ದು, "ಹೇಳದೆ ಕೇಳದೆ ಕುರಿ ಎಲ್ಲಿಗೆ ತಗಂಡು ಹೋದೆ? ರಾಮಪ್ಪನ್ನ ಎಂತ ಮಾಡ್ದೆ?" ಅಂತ. ಅದಕ್ಕೆ ಸಣ್ಣಬೀರಪ್ಪನ ಉತ್ತರವನ್ನು ವಕೀಲರು ಗುತ್ಯಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದರು.

"'ಅವನನ್ನು ಹೊಡೆದೆನು. ಹೊಳೆ ದಾಟಿಸಿಬಿಟ್ಟೆನು.' ದಾಟಿಸಿದ್ದು ಅಂದರೆ ಪರಲೋಕಕ್ಕೆ ಕಳಿಸಿದ್ದು ಅಂತ ಪೊಲೀಸಿನವರ ವಾದ."

"ಇನ್ನೊಂದು ಸಲ ಓದ್ರಿ."

ಓದಿದರು.

"ನಮ್ಮೋರು 'ಅವನನ್ನು' ಅನ್ನೋದೇ ಇಲ್ಲ. ಹುಟ್ಟಿದಾಗಿಂದ ಅಂದಿಲ್ಲ. ಅದು ಪುಸ್ತಕದ ಮಾತು. ನಾವು ಅನ್ನೋದು 'ಅವನ್ನ' ಅಂತ."

"ಎರಡೂ ಒಂದೇ ಅಲ್ಲವೇನಮ್ಮ?"

"ಹೆಂಗ್ ಒಂದೇ ಆಗುತ್ರಿ! ಗಂಡಸಿಗೂ 'ಅವನ್ನ', ಕುರಿಗಳಿಗೂ 'ಅವನ್ನ'. ಪಟೇಲ್ರು ಮೊದ್ಲು ಕೇಳಿದ್ದು ಕುರೀನ. ಇವರು ಹೇಳಿದ್ದು ಕುರೀನ. ಗಾಡಿ ಹೊಡೀತೀವಿ, ಕುರಿ ಹೊಡೀತೀವಿ. ಅವನ್ನ ಹೊಡೆದೆ, ಹೊಳೆ ದಾಟಿಸಿದೆ! ಆ ಶಾನುಭೋಗರು ಚಂದ ಮಾಡಿ ಬರೀತೀನಿ ಅಂತ ಒಂದು 'ನ' ಜಾಸ್ತಿ ಹಾಕ್ಯಾರೆ. ನಮ್ಮೋರ ಕುತ್ತಿಗೆಗೆ ಬಂದಿರೋದು ಆ 'ನ' ಸ್ವಾಮಿ!"

ವಕೀಲರ ಬೆರಳ ನಡುವಿನ ನಶ್ಯ ಪಂಚೆಯ ಮೇಲೆ ಉದುರಿತು. ಅದನ್ನು ಒರೆಸಿಕೊಳ್ಳದೆಯೇ ಅವರು ಕಾಗದವನ್ನು ಮತ್ತೆ ಕೈಗೆತ್ತಿಕೊಂಡರು.

ವಿಚಾರಣೆ ಬಿದ್ದದ್ದು ವಿಳಂಬಿ ಸಂವತ್ಸರದ ಯುಗಾದಿಯ ಮಾರನೆಯ ದಿನ, ಶಿಕಾರಿಪುರದ ಕೋರ್ಟಿನಲ್ಲಿ. ಕೇಸಿನಲ್ಲಿ ಹುರುಳಿದೆ ಅಂತ ಮ್ಯಾಜಿಸ್ಟ್ರೇಟರಿಗೆ ಅನ್ನಿಸಿದರೆ ಶಿವಮೊಗ್ಗದ ದೊಡ್ಡ ಕೋರ್ಟಿಗೆ ಕಳಿಸುತ್ತಾರೆ, ಅಲ್ಲಿ ನೇಣೋ ಜೀವಾವಧಿಯೋ. ಇಲ್ಲ ಅನ್ನಿಸಿದರೆ ಇಲ್ಲೇ ಬಿಡುತ್ತಾರೆ. ಗುತ್ಯಮ್ಮ ಯುಗಾದಿಯನ್ನು ದಾರಿಯಲ್ಲೇ ಮಾಡಿದ್ದಳು. ಒಂದು ಬೇವಿನ ಎಸಳು, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು, ಮುಂದೆ ಮಂದೆ ಹೊಡೆದದ್ದು. ಎಪ್ಪತ್ತು ಕುರಿಗಳನ್ನು ಯಾರ ಮನೆಯಲ್ಲಿ ಬಿಟ್ಟು ಬರುತ್ತಾಳೆ? ಕೋರ್ಟಿನ ಹಿಂದಿನ ಹುಣಸೆಮರದ ಕೆಳಗೆ ಹೂವಮ್ಮನನ್ನು ಕಾವಲಿಗೆ ನಿಲ್ಲಿಸಿ ಒಳಗೆ ಹೋದಳು.

ಸಣ್ಣಬೀರಪ್ಪ ಕಟಕಟೆಯಲ್ಲಿ ನಿಂತಿದ್ದ. ಎರಡು ತಿಂಗಳಲ್ಲಿ ಇಳಿದುಹೋಗಿದ್ದ. ಹೆಂಡತಿಯನ್ನು ಕಂಡು ಹಲ್ಲುಬಿಟ್ಟ. ಗುತ್ಯಮ್ಮ ಕಣ್ಣು ಕೆಕ್ಕರಿಸಿ ನೋಡಿದಳು. ಮೇಜಿನ ಮೇಲೆ ಅವನ ಕಂಬಳಿ, ಚೀಟಿ ಅಂಟಿಸಿ, ಮಡಿಸಿ ಇಟ್ಟಿದ್ದರು. ಅದರ ಮೂಲೆಯಲ್ಲೊಂದು ಗಂಟು. ಅದೇನೆಂದು ಪೊಲೀಸ್ ದಫೇದಾರ ಕೇಳಿದ್ದಕ್ಕೆ "ಆಣೆ ಗಂಟು ಸ್ವಾಮಿ, ಬಿಚ್ಚಿದೋರಿಗೆ ಒಳ್ಳೇದಾಗಲ್ಲ," ಅಂದಿದ್ದನಂತೆ ಸಣ್ಣಬೀರಪ್ಪ. ದಫೇದಾರನಿಗೆ ಮೂರು ಹೆಣ್ಣುಮಕ್ಕಳ ಮದುವೆ ಬಾಕಿ ಇತ್ತು. ಮುಟ್ಟಲಿಲ್ಲ.

ಮೂಕಮ್ಮ ಹೇಳಿದಳು. ದಫೇದಾರ ಹೇಳಿದ. ಗೋಪಾಲಪ್ಪ ತಮ್ಮನ ಟವೆಲ್ಲು ಗುರುತಿಸುವಾಗ ಬಿಕ್ಕಿದ, ಅವನನ್ನು ಕಂಡು ಗುತ್ಯಮ್ಮನಿಗೂ ಕಣ್ಣು ತುಂಬಿತು. ಎತ್ತಿ ಆಡಿಸಿ ಬೆಳೆಸಿದ ತಮ್ಮ ಅಲ್ಲವೇ. ಆಮೇಲೆ ಶಾನುಭೋಗರು ಹೇಳಿಕೆ ಓದಿದರು. ಕೊನೆಗೆ ವಕೀಲರು ಗುತ್ಯಮ್ಮನನ್ನು ಸಾಕ್ಷಿಯಾಗಿ ಕರೆಸಿದರು.

ಅವಳು 'ಅವನ್ನ' ಮತ್ತು 'ಅವನನ್ನು' ವಿಷಯ ಹೇಳತೊಡಗಿದಳು. ಸರ್ಕಾರದ ಕಡೆಯ ವಕೀಲರು ನಕ್ಕರು. "ಸ್ವಾಮಿ, ಇದು ಕೋರ್ಟೋ, ಕನ್ನಡ ಪಾಠಶಾಲೆಯೋ? ಬುದ್ಧಿ ಇರುವ ಯಾವ ಮನುಷ್ಯನಿಗಾದರೂ ಈ ಮಾತು ಎರಡರ್ಥ ಕೊಡುತ್ತದೆಯೇ? ಗಂಡನನ್ನು ಉಳಿಸಿಕೊಳ್ಳಲು ಹೆಂಗಸು ಕಟ್ಟಿದ ಕಥೆ."

"ಕಟ್ಟಿದ ಕಥೆನಾ? ತೋರಿಸ್ರಿ! ಹೊರೆ ನಿಮ್ದು!" ಗುತ್ಯಮ್ಮನ ದನಿ ಏರಿತು. ಮ್ಯಾಜಿಸ್ಟ್ರೇಟರು, "ಮೆಲ್ಲಗೆ, ಮೆಲ್ಲಗೆ," ಅಂದರು. ಅದು ಮೆಲ್ಲಗಾಗುವ ದನಿಯಲ್ಲ, ಗುಡ್ಡದ ಈಚೆಯಿಂದ ಆಚೆಗೆ ಕೇಳಬೇಕಾದ ದನಿ. ಹುಟ್ಟಿದಾಗಿನಿಂದ ಆ ದನಿ ಕೇಳಿಕೊಂಡೇ ಬೆಳೆದ ಕುರಿಗಳು ಹುಣಸೆಮರದ ಕೆಳಗೆ ತಲೆಯೆತ್ತಿದವು. ಹೂವಮ್ಮ ಕಾವಲು ಬಿಟ್ಟು ಕಿಟಕಿಗೆ ಮೂಗು ಹಚ್ಚಿ ನಿಂತಿದ್ದಳು. ಗಂಟೆ ಕಟ್ಟಿದ ಟಗರು ಮುಂದೆ ಹೊರಟಿತು, ಉಳಿದವು ಹಿಂದೆ.

ಎರಡು ನಿಮಿಷದಲ್ಲಿ ಕೋರ್ಟಿನ ಒಳಗೆ ಎಲ್ಲಿ ನೋಡಿದರೂ ಕುರಿ. ಬೆಂಚಿನ ಕೆಳಗೆ ಕುರಿ, ಗುಮಾಸ್ತರ ಕಾಲ ಸಂದಿಯಲ್ಲಿ ಮರಿ. ಒಂದು ಕುರಿ ದಫೇದಾರನ ಹೇಳಿಕೆಯ ಹಾಳೆಯನ್ನು ಮೂಸಿ ನೋಡಿ ಮೂಲೆ ಕಚ್ಚಿತು. ಟಗರು ಸೀದಾ ಹೋಗಿ ಸಣ್ಣಬೀರಪ್ಪನ ಪಾದಕ್ಕೆ ಹಣೆ ಒತ್ತಿ ನಿಂತಿತು. ಮ್ಯಾಜಿಸ್ಟ್ರೇಟರು ಕುರ್ಚಿಯಿಂದ ಎದ್ದು ಕೂಗಿದರು:

"ಏನಯ್ಯಾ ಇದು! ಏ, ಯಾರಲ್ಲಿ? ಅವನ್ನ ಹೊಡಿ! ಹೊಡಿಯಯ್ಯಾ ಅವನ್ನ!"

ಕೋರ್ಟಿನ ಜವಾನ ಕುರಿಗಳ ಹಿಂದೆ ಓಡಿದ. ಆದರೆ ಕಟಕಟೆಯ ಪಕ್ಕದಲ್ಲಿ ನಿಂತಿದ್ದ ಕಾನ್‌ಸ್ಟೇಬಲ್ಲು ಹೋಳಿಗೆಯ ಮಂಪರಿನಲ್ಲಿ ತೂಕಡಿಸುತ್ತಿದ್ದವನು, ಸಾಹೇಬರ ಅಪ್ಪಣೆ ಕಿವಿಗೆ ಬಿದ್ದದ್ದೇ ಧಡಕ್ಕನೆ ಎಚ್ಚೆತ್ತು, ಲಾಠಿ ಎತ್ತಿ ಸಣ್ಣಬೀರಪ್ಪನ ಬೆನ್ನಿಗೆ ಒಂದು ಬಿಟ್ಟ.

"ಅಯ್ಯಯ್ಯೋ!" ಅಂದ ಸಣ್ಣಬೀರಪ್ಪ.

"ಏ ಏ ಏ! ಅವನನ್ನಲ್ಲವೋ! ಅವನ್ನ! ಅವನ್ನ!" ಅಂದರು ಮ್ಯಾಜಿಸ್ಟ್ರೇಟರು.

ಎಲ್ಲರ ಕಣ್ಣೂ ಮ್ಯಾಜಿಸ್ಟ್ರೇಟರ ಕಡೆ ತಿರುಗಿತು. ಕುರಿಗಳ ಹಿಂದೆ ಓಡುತ್ತಿದ್ದ ಜವಾನನೂ ತಿರುಗಿ ನಿಂತ.

ಗುತ್ಯಮ್ಮ ಎರಡೂ ಕೈ ಎತ್ತಿ ಮುಗಿದಳು. "ನನ್ನಪ್ಪಾ, ನನ್ ದೇವ್ರೇ! ಬೆಳಗಿಂದ ನಾನೂ ಅದನ್ನೇ ಹೇಳ್ತಿರೋದು!"

ಮೊದಲು ನಕ್ಕದ್ದು ಗುಮಾಸ್ತರು. ಆಮೇಲೆ ಹಿಂದಿನ ಬೆಂಚು, ಆಮೇಲೆ ಕಿಟಕಿಯಲ್ಲಿ ಹೂವಮ್ಮ, ಕೊನೆಗೆ ಸರ್ಕಾರದ ಕಡೆಯ ವಕೀಲರೂ ತಡೆಯಲಾರದೆ ಬಾಯಿಗೆ ಕರವಸ್ತ್ರ ಹಿಡಿದರು. ಚಂದ್ರಶೇಖರಪ್ಪ ಮಾತ್ರ ನಗಲಿಲ್ಲ. ಎದ್ದು ನಿಂತು, "ಸ್ವಾಮಿ, ಗುಮಾಸ್ತರು ತಮ್ಮ ಅಪ್ಪಣೆಯನ್ನು ಏನೆಂದು ಬರೆದುಕೊಂಡಿದ್ದಾರೆ, ದಯಮಾಡಿ ಓದಿಸಬೇಕು," ಅಂದರು. ಗುಮಾಸ್ತರು ಕಿವಿ ಕೇಳಿದ್ದನ್ನು ಕೈ ತಿದ್ದಿ ಬರೆಯುವ ಹಳೆಯ ಕೆಲಸಗಾರರು. ಹಾಳೆ ನೋಡಿ ಅವರ ಮುಖ ಕೆಂಪಾಯಿತು. 'ಅವನನ್ನು ಹೊಡೆ' ಎಂದು ದುಂಡಗೆ ಬರೆದಿತ್ತು.

ಮಧ್ಯಾಹ್ನ ಮ್ಯಾಜಿಸ್ಟ್ರೇಟರು ತೀರ್ಮಾನ ಓದಿದರು. ಸತ್ತಿದ್ದಾನೆ ಎನ್ನಲು ಹೆಣವಿಲ್ಲ. ರಕ್ತ ಮನುಷ್ಯನದು ಎನ್ನಲು ಆಧಾರವಿಲ್ಲ. ಒಪ್ಪಿಗೆ ಎಂದು ತಂದ ಮಾತು ಈ ಕೋರ್ಟಿನಲ್ಲಿಯೇ, ಈ ಪೀಠದ ಬಾಯಿಯಿಂದಲೇ, ಎರಡು ಅರ್ಥ ಕೊಟ್ಟಿದೆ. ಸಾಬೀತು ಮಾಡುವ ಹೊರೆ ಸರ್ಕಾರದ್ದು, ಅದನ್ನು ಅವರು ಹೊರಲಿಲ್ಲ. ಆರೋಪಿಯನ್ನು ಬಿಟ್ಟಿದೆ. ಕಂಬಳಿಯನ್ನು ಅವನಿಗೆ ಹಿಂದಿರುಗಿಸತಕ್ಕದ್ದು.

ಹುಣಸೆಮರದ ಕೆಳಗೆ ಗುತ್ಯಮ್ಮ ಗಂಡನ ಬೆನ್ನು ತಿಕ್ಕುತ್ತ, ಅಳುತ್ತ, ನಗುತ್ತ, ಬೈಯುತ್ತ ಕೂತಿದ್ದಾಗ ಗೋಪಾಲಪ್ಪ ಬಂದು ಎದುರು ನಿಂತ. ಅವನ ಮುಖ ನೋಡಿ ಎಲ್ಲರ ನಗುವೂ ಇಳಿಯಿತು.

"ಸಣ್ಣಬೀರ, ಕೋರ್ಟು ಬಿಟ್ಟಿತು ಮಾರಾಯ, ನಂಗೆ ಸಂತೋಷವೇ. ಆದ್ರೆ ನನ್ ತಮ್ಮ ಎಲ್ಲಿ ಅಂತ ಕೋರ್ಟು ಹೇಳ್ಲಿಲ್ಲ. ನಾನು ಮನೇಲಿ ಎಂತ ಹೇಳ್ಲಿ?"

ಗುತ್ಯಮ್ಮನ ಕೈ ನಿಂತಿತು. ಈ ಪ್ರಶ್ನೆಗೆ 'ಹೊರೆ ನಿಮ್ದು' ಅನ್ನಲು ಅವಳಿಗೆ ಬಾಯಿ ಬರಲಿಲ್ಲ. ಗಂಡನ ಕಡೆ ನೋಡಿದಳು.

ಸಣ್ಣಬೀರಪ್ಪ ತಲೆ ಕೆರೆದುಕೊಂಡ. "ಯುಗಾದೀಗೆ ಇನ್ನ ಎಷ್ಟು ದಿನ ಐತೆ?"

"ಎಷ್ಟು ದಿನವಾ? ನಿನ್ನೇನೇ ಮುಗೀತಲ್ರೀ!"

"ಮುಗೀತಾ?" ಸಣ್ಣಬೀರಪ್ಪ ಬಾಯಿ ತೆರೆದ. "ಆ ಕೋಣೇಲಿ ಚಂದ್ರ ಕಾಣಿಸ್ತಿರ್ಲಿಲ್ಲ, ಲೆಕ್ಕ ತಪ್ತು. ಅಯ್ಯೋ, ಹಂಗಾದ್ರೆ ಬೆಳಿಗ್ಗೇನೇ ಹೇಳ್ಬೋದಿತ್ತು! ಸುಮ್ನೆ ಒಂದು ಏಟು ತಿಂದೆ."

ಕಂಬಳಿ ಎಳೆದುಕೊಂಡು ಮೂಲೆಯ ಗಂಟು ಬಿಚ್ಚಿದ. ಒಳಗಿಂದ ನಾಲ್ಕು ಮಡಿಕೆಯ ಗುಲಾಬಿ ಬಣ್ಣದ ಕಾಗದವೊಂದು ಬಂತು, ನಾಟಕ ಕಂಪನಿಯ ಹ್ಯಾಂಡ್‌ಬಿಲ್ಲು. ಹಿಂಬದಿಯಲ್ಲಿ ಪೆನ್ಸಿಲ್ಲಿನ ಅಕ್ಷರ. ಗೋಪಾಲಪ್ಪ ಅಕ್ಷರ ನೋಡಿದ ಕೂಡಲೇ ನೆಲಕ್ಕೆ ಕೂತ. ಪಕ್ಕದಲ್ಲೇ ನಿಂತಿದ್ದ ವಕೀಲರು ತೆಗೆದುಕೊಂಡು ಓದಿದರು. 'ಅಣ್ಣಾ, ಹೇಳಿದರೆ ನೀನು ಬಿಡುತ್ತಿರಲಿಲ್ಲ. ಯುಗಾದಿಯಿಂದ ಹಿರೇಕೆರೂರಿನಲ್ಲಿ ಕಂಪನಿ ಮೊಕ್ಕಾಂ. ಅಷ್ಟರಲ್ಲಿ ರಾಜನ ಪಾರ್ಟು ಕೊಡುತ್ತಾರಂತೆ. ಬಂದು ನೋಡಿ ಬೈಯಿ. ರಾಮ.'

"ಊರೋರ ಕಣ್ಣಿಗೆ ಬೀಳಬಾರ್ದು ಅಂತ ನನ್ ಕಂಬಳಿ ಹೊದ್ದು ಕುರಿ ನಡುವೆ ಬಗ್ಗಿ ಬಂದ. ಹರಿದ ಚಪ್ಪಲಿ, ಹಳೇ ಟವೆಲ್ಲು ನಂಗ್ಯಾಕೆ, ಕಂಪ್ನೀಲಿ ಬೂಟು, ಶಾಲು ಕೊಡ್ತಾರೆ ಅಂತ ದಡದಲ್ಲೇ ಬಿಟ್ಟ. ಆಚೆ ದಡ ಮುಟ್ಟೋ ಹೊತ್ತಿಗೆ ಕಪ್ಪು ಕುರಿ ಈಯ್ತು, ಮರೀನ ಕಂಬಳೀಲಿ ಎತ್ಕಂಡೆ," ಅಂದ ಸಣ್ಣಬೀರಪ್ಪ.

"ಎದೆ ಸೀಳ್ತೀನಿ, ಕರುಳು ಬಗೀತೀನಿ ಅಂದಿದ್ದು?" ಗೋಪಾಲಪ್ಪನ ಹಿಂದೆಯೇ ಬಂದು ನಿಂತಿದ್ದ ಮೂಕಮ್ಮ ಬಿಡಲಿಲ್ಲ.

"ಅದು ರಾಕ್ಷಸನ ಮಾತಕ್ಕಾ. ಅವನು ರಾಜ, ನಾನು ರಾಕ್ಷಸ. ಮಾತು ಕಲೀಬೇಕಿತ್ತಲ್ಲ ಪಾಪ." ಅಷ್ಟು ಹೇಳಿ ನಾಚಿಕೊಂಡ. "ಚೆನ್ನಾಗಿ ಕೇಳಿಸ್ತಿತ್ತಾ?"

ವಕೀಲರು ಕನ್ನಡಕ ತೆಗೆದು ಅವನನ್ನೇ ನೋಡಿದರು. "ಹಾಗಾದರೆ ಅವತ್ತು ಚಾವಡಿಯಲ್ಲಿ ನೀನು ಹೊಳೆ ದಾಟಿಸಿದೆ ಅಂದದ್ದು ಕುರಿಗಳನ್ನೋ, ರಾಮಪ್ಪನನ್ನೋ?"

"ಎರಡೂ ಸ್ವಾಮಿ," ಅಂದ ಸಣ್ಣಬೀರಪ್ಪ. "ಸುಳ್ಳು ಹೇಳ್ಬಾರ್ದಲ್ಲ!"

ಗೋಪಾಲಪ್ಪ ದಫೇದಾರನ ಕೈಹಿಡಿದು ಎಳೆದುಕೊಂಡೇ ಹಿರೇಕೆರೂರಿನ ಬಸ್ಸು ಹತ್ತಿದ. ಗುತ್ಯಮ್ಮ ಅಲ್ಲೇ ಮೂರು ಕಲ್ಲು ಹೂಡಿ ಮುದ್ದೆ ತಿರುವಿದಳು, ನಿನ್ನೆ ತಪ್ಪಿದ ಬೇವು ಬೆಲ್ಲವನ್ನು ಗಂಡನ ಬಾಯಿಗೆ ತುರುಕಿದಳು. ಬೆಲ್ಲ ಕಡಿಮೆ, ಬೇವು ಒಂದು ಹಿಡಿ. ಅವನು ಕಮಕ್ ಕಿಮಕ್ ಅನ್ನದೆ ಅಗಿದ.

ಹೊತ್ತು ಇಳಿಯುವ ಮುಂಚೆ ಬಸ್ಸು ತಿರುಗಿ ಬಂತು. ಮೊದಲು ಇಳಿದದ್ದು ಗೋಪಾಲಪ್ಪ, ಅವನ ಕಣ್ಣು ಅತ್ತು ಅತ್ತು ಊದಿತ್ತು, ಮುಖ ಮಾತ್ರ ಅರಳಿತ್ತು. ಅವನ ಹಿಂದೆ ದಫೇದಾರ. ಅವನ ಹಿಂದೆ, ಮೀಸೆ ಬೋಳಿಸಿದ, ಅರ್ಧ ಮುಖಕ್ಕೆ ಇನ್ನೂ ಬಣ್ಣ ಉಳಿದ, ಸೊಂಟಕ್ಕೆ ಜರಿ ಪಟ್ಟಿ ಕಟ್ಟಿಕೊಂಡೇ ಬಂದ ರಾಮಪ್ಪ. ಖೂನಿಯಾದವನು ಸಣ್ಣಬೀರಪ್ಪನ ಕಾಲಿಗೆ ಬಿದ್ದ. ಗೊತ್ತಿರಲಿಲ್ಲ ಅಣ್ಣಾ, ನನ್ನಾಣೆಗೂ ಗೊತ್ತಿರಲಿಲ್ಲ ಎಂದು ಅತ್ತ. ಸಣ್ಣಬೀರಪ್ಪ ಅವನನ್ನು ಎತ್ತಿ ಮೊದಲು ಕೇಳಿದ್ದು, "ರಾಜನ ಪಾರ್ಟು ಕೊಟ್ರಾ?" ಅಂತ.

"ಇಲ್ಲ. ಸೇವಕನ ಪಾರ್ಟು."

ಗುತ್ಯಮ್ಮ ಎದ್ದು ನಿಂತಳು. ಗಂಡನ ಕೈಯಿಂದ ಕುರಿ ಕಾಯುವ ಕೋಲು ಕಿತ್ತುಕೊಂಡಳು. "ದಫೇದಾರ್ರೇ, ಕಾಗದ ಇದ್ರೆ ತೆಗೀರಿ, ಬರ್ಕಳ್ರಿ! ಗುತ್ಯಮ್ಮ ಅವನನ್ನ ಹೊಡೆದಳು! ಇದಕ್ಕೆ ಎರಡು 'ನ' ಹಾಕ್ರಿ, ಮೂರು ಬೇಕಾದ್ರೂ ಹಾಕ್ರಿ, ನಾನೇ ಹೆಬ್ಬೆಟ್ಟು ಒತ್ತೀನಿ!"

ರಾಮಪ್ಪ ಕಾಲಿಗೆ ಬುದ್ಧಿ ಹೇಳಿದ. ಓಡಿ ಓಡಿ ಬೇರೆಲ್ಲೂ ಜಾಗ ಕಾಣದೆ ಕುರಿ ಮಂದೆಯೊಳಗೇ ನುಗ್ಗಿ, ಅಭ್ಯಾಸವಾಗಿದ್ದ ಹಾಗೆ ಬಗ್ಗಿದ. ಗೋಪಾಲಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ, "ಹೊಡಿಯೇ ಅಕ್ಕಾ, ಹೊಡಿ! ನಮ್ಮ ಗದ್ದೆಗೇ ಹೊಡ್ಕಂಡು ಬಾ, ಇನ್ನೂ ಹದಿನೈದು ವರ್ಷ ನೀವೇ ಬರ್ಬೇಕು," ಅಂದ. ಗುತ್ಯಮ್ಮ ನಾಲಗೆ ಹೊರಳಿಸಿ ಒಂದು ಕೂಗು ಹಾಕಿದಳು, ಗಂಟೆಯ ಟಗರು ಮುಂದಾಯಿತು. ಕೋಲು ಬೀಸಿಕೊಂಡು ಅವನ್ನೂ ಅವನನ್ನೂ ಒಟ್ಟಿಗೇ ಹೊಡೆದುಕೊಂಡು, ಅವಳು ಸೊರಬದ ದಾರಿ ಹಿಡಿದಳು.